ಮೀಸಲಾದ ಕಡಲಪಡೆ

‘ಮೀಸಲು’ ಎಂಬುದು ಕನ್ನಡದ ಹಳೆಯ ಮಾತು. ದೇವರಿಗೆಂದು ತೆಗೆದಿಟ್ಟ ಮೊದಲ ಫಲವೂ ಮೀಸಲು. ಹರಕೆಗೆಂದು ಯಾರೂ ಮುಟ್ಟದಂತೆ ಕಾದಿರಿಸಿದ ಹಾಲೂ ಮೀಸಲು. ಸೈನ್ಯದ ‘ರಿಸರ್ವ್’ ಎಂಬ ಶಬ್ದಕ್ಕೆ ಇದೇ ಮಾತನ್ನು ಹೊಂದಿಸಿದವರು ಈ ಅರ್ಥಚ್ಛಾಯೆಯನ್ನು ನೆನೆದಿರಲಾರರು. ಆದರೆ ಅಮೆರಿಕದ ನಾಲ್ಕನೆಯ ಮರೀನ್ ಡಿವಿಷನ್ನಿನ ಚರಿತ್ರೆಯನ್ನು ಓದುವಾಗ ಆ ಮಾತು ಎಷ್ಟು ಸಾರ್ಥಕವಾಗಿ ಬಿದ್ದಿದೆಯೆಂದು ಅನ್ನಿಸದಿರದು.

ಮರೀನರೆಂದರೆ ಹಡಗಿನಲ್ಲಿ ಸಾಗಿ ಶತ್ರುವಿನ ದಡಕ್ಕಿಳಿದು ಕಾದುವ ಕಾಲಾಳುಗಳು. ಎರಡನೆಯ ಮಹಾಯುದ್ಧದ ನಡುವೆ, 1943ರ ಆಗಸ್ಟಿನಲ್ಲಿ, ಕ್ಯಾಲಿಫೋರ್ನಿಯದ ಕ್ಯಾಂಪ್ ಪೆಂಡಲ್‌ಟನ್ನಿನಲ್ಲಿ ಈ ಡಿವಿಷನ್ ರೂಪುಗೊಂಡಿತು. ಆಗ ಅದು ಮೀಸಲು ಪಡೆಯಾಗಿರಲಿಲ್ಲ. ಮರುವರ್ಷದ ಜನವರಿಯಲ್ಲಿ ತಾಯ್ನೆಲದಿಂದ ಹೊರಟು ನೇರವಾಗಿ ಮಾರ್ಷಲ್ ದ್ವೀಪಗಳ ರಾಯ್-ನಾಮುರ್ ರಣಕ್ಕೆ ಇಳಿಯಿತು. ಪಡೆಯ ಲಾಂಛನ ಕೆಂಪು ನೆಲದ ಮೇಲೆ ಹಳದಿಯ ‘4’. ರಾಯ್ ದ್ವೀಪದಲ್ಲಿ ಜಪಾನೀಯರು ಕಟ್ಟಿದ್ದ ವಿಮಾನಪಥಗಳೂ ಆಕಾಶದಿಂದ ನೋಡಿದರೆ ಅದೇ ಅಂಕಿಯ ಆಕಾರದಲ್ಲಿದ್ದುವಂತೆ! ಕಾಕತಾಳೀಯವೆನ್ನೋಣ, ಸೈನಿಕರು ಹಾಗೆನ್ನಲಿಲ್ಲ.

ಅಲ್ಲಿಂದ ಮುಂದೆ ಹದಿಮೂರು ತಿಂಗಳೊಳಗೆ ಇನ್ನೂ ಮೂರು ದಡಗಳು: 1944ರ ಜೂನಿನಲ್ಲಿ ಸೈಪಾನ್, ಜುಲೈಯಲ್ಲಿ ಟಿನಿಯನ್, 1945ರ ಫೆಬ್ರವರಿ 19ರಂದು ಇವೊ ಜಿಮ. ಟಿನಿಯನ್ನಿನಲ್ಲಿ ಇಳಿಯಲು ಆರಿಸಿಕೊಂಡ ಎರಡು ಮರಳದಂಡೆಗಳಲ್ಲಿ ಒಂದರ ಅಗಲ ಸುಮಾರು 60 ಗಜ, ಇನ್ನೊಂದರದು 160 ಗಜ. ಅಷ್ಟು ಕಿರಿದಾದ ಬಾಗಿಲಿನಿಂದ ಒಂದು ಸೈನ್ಯ ಒಳಬಂದೀತೆಂದು ಶತ್ರು ಎಣಿಸಿರಲಿಲ್ಲ. ಮರುವರ್ಷ ಹಿರೋಷಿಮದ ಮೇಲೆ ಅಣುಬಾಂಬು ಹಾಕಿದ ವಿಮಾನ ಹಾರಿದ್ದು ಇದೇ ಟಿನಿಯನ್ನಿನಿಂದ. ಇವೊ ಜಿಮದಲ್ಲಿ ಡಿವಿಷನ್ನಿನ ಪಾಲಿಗೆ ಬಂದ 382ನೆಯ ಗುಡ್ಡದ ಸುತ್ತಣ ನೆಲಕ್ಕೆ ಯೋಧರು ‘ಮಾಂಸ ಅರೆಯುವ ಯಂತ್ರ’ ಎಂದು ಹೆಸರಿಟ್ಟರು. ಆ ಒಂದು ದ್ವೀಪದಲ್ಲಿಯೇ ಸತ್ತವರೂ ಗಾಯಗೊಂಡವರೂ ಸೇರಿ ಒಂಬತ್ತು ಸಾವಿರ ಮಂದಿ. ಯುದ್ಧ ಮುಗಿಯಿತು, 1945ರ ನವೆಂಬರಿನಲ್ಲಿ ಡಿವಿಷನ್ನನ್ನು ವಿಸರ್ಜಿಸಿದರು.

ಅದರ ಎರಡನೆಯ ಜನ್ಮಕ್ಕೆ ಕಾರಣವಾದುದು ಕೊರಿಯಾ. 1950ರಲ್ಲಿ ಅಲ್ಲಿ ಯುದ್ಧ ಹೊತ್ತಿಕೊಂಡಾಗ ಮರೀನ್ ದಳದಲ್ಲಿ ಸಾಕಷ್ಟು ಜನರಿರಲಿಲ್ಲ. ಊರೂರುಗಳ ಮೀಸಲು ತುಕಡಿಗಳಿಗೆ ಕರೆ ಹೋಯಿತು. ಬಂದವರನ್ನು ಅವರವರ ತುಕಡಿಯಲ್ಲಿ ಉಳಿಸಲಿಲ್ಲ. ಒಡೆದು, ಎಲ್ಲಿ ಖಾಲಿ ಇತ್ತೋ ಅಲ್ಲಿಗೆ ಒಬ್ಬೊಬ್ಬರನ್ನಾಗಿ ತುಂಬಿದರು. ಮೂಲ ತರಬೇತಿಯನ್ನೂ ಪೂರೈಸದ ಹುಡುಗರು ಅವರಲ್ಲಿದ್ದರು. ಒಟ್ಟಿಗೆ ಕಲಿತವರು ಒಟ್ಟಿಗೆ ಕಾದಲಿಲ್ಲವೆಂಬ ಕೊರತೆ ಉಳಿಯಿತು. ಆದುದರಿಂದ 1960ರ ದಶಕದಲ್ಲಿ ನಾಲ್ಕನೆಯ ಡಿವಿಷನ್ನನ್ನು ಮೀಸಲು ಡಿವಿಷನ್ನಾಗಿ ಮತ್ತೆ ಕಟ್ಟಿದಾಗ, ಕರೆ ಬಂದರೆ ಇಡಿಯ ತುಕಡಿಯೇ ಏಳಬೇಕೆಂದು ಉದ್ದೇಶಿಸಿದರು. ಈ ನಿರ್ಧಾರವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಇದರ ರಚನೆ ವಿಚಿತ್ರವಾದುದು. ಮುಖ್ಯ ಕಚೇರಿ ನ್ಯೂ ಆರ್ಲಿಯನ್ಸಿನಲ್ಲಿ. ಪದಾತಿ ರೆಜಿಮೆಂಟುಗಳೂ ಫಿರಂಗಿ ರೆಜಿಮೆಂಟೂ ಉಳಿದ ತುಕಡಿಗಳೂ ದೇಶದ ಉದ್ದಗಲಕ್ಕೂ ಚದರಿವೆ. ಒಂದೇ ಬೆಟಾಲಿಯನ್ನಿನ ಒಂದು ಕಂಪೆನಿ ಒಂದು ನಗರದಲ್ಲಿ, ಇನ್ನೊಂದು ಬೇರೆ ರಾಜ್ಯದಲ್ಲಿ. ಕಡಲನ್ನೇ ಕಾಣದ ಒಳನಾಡಿನ ಊರುಗಳಲ್ಲಿಯೂ ಕಡಲಪಡೆಯ ಠಾಣ್ಯಗಳುಂಟು. ತಿಂಗಳಿಗೊಂದು ವಾರಾಂತ್ಯ, ವರ್ಷಕ್ಕೆ ಎರಡು ವಾರ ಕವಾಯತು. ಉಳಿದ ದಿನಗಳಲ್ಲಿ ಅವರು ವಿದ್ಯಾರ್ಥಿಗಳು, ಪೊಲೀಸರು, ಬಡಗಿಗಳು, ಉಪಾಧ್ಯಾಯರು. ಕೌಟಿಲ್ಯ ಸೈನ್ಯದ ಬಗೆಗಳನ್ನು ಹೇಳುವಾಗ ಮೌಲಬಲ, ಭೃತಬಲಗಳ ಜೊತೆಗೆ ‘ಶ್ರೇಣೀಬಲ’ವನ್ನೂ ಹೆಸರಿಸುತ್ತಾನೆ; ಕಸುಬಿನವರು ಕೂಡಿ ಆಯುಧ ಹಿಡಿದ ಬಲ ಅದು. ಹೋಲಿಕೆಯನ್ನು ಬಹಳ ದೂರ ಎಳೆಯಬಾರದು, ಆದರೂ ನೆನಪಾಗುತ್ತದೆ.

ಪ್ರತಿ ಠಾಣ್ಯದಲ್ಲಿಯೂ ಪೂರ್ಣಕಾಲದ ಮರೀನರ ಒಂದು ಸಣ್ಣ ಗುಂಪಿರುತ್ತದೆ. ತರಬೇತಿ ಕೊಡುವುದು, ಲೆಕ್ಕಪತ್ರ ನೋಡುವುದು ಅವರ ಕೆಲಸ. ಯೋಧನೊಬ್ಬ ಮಡಿದರೆ ಅವನ ಮನೆಯ ಬಾಗಿಲು ತಟ್ಟಿ ಸುದ್ದಿ ತಿಳಿಸುವ ಕರ್ತವ್ಯವೂ ಅವರ ಪಾಲಿಗೆ ಬರುತ್ತದೆ. ಇದರಷ್ಟು ಕಠಿಣವಾದ ಸೈನಿಕ ಕರ್ತವ್ಯ ಬೇರೊಂದಿದೆಯೆಂದು ನನಗೆ ತೋರುವುದಿಲ್ಲ.

ವಿಯೆಟ್ನಾಮ್ ಯುದ್ಧಕ್ಕೆ ಈ ಡಿವಿಷನ್ನನ್ನು ಕರೆಯಲಿಲ್ಲ. 1991ರ ಕೊಲ್ಲಿ ಯುದ್ಧದಲ್ಲಿ ಮಾತ್ರ ಆ ಹಿಂದಿನ ಯೋಚನೆ ಫಲಿಸಿತೆನ್ನಬೇಕು. ವಾಷಿಂಗ್ಟನ್ ರಾಜ್ಯದ ಯಾಕಿಮಾ ಎಂಬ ಊರಿನ ಟ್ಯಾಂಕು ಕಂಪೆನಿಯೊಂದು, ಹಳೆಯ ಟ್ಯಾಂಕುಗಳನ್ನು ಬಿಟ್ಟು ಹೊಸತನ್ನು ಕೆಲವೇ ವಾರಗಳಲ್ಲಿ ಕಲಿತು, ಫೆಬ್ರವರಿ 25ರ ನಸುಕಿನಲ್ಲಿ ಮೂವತ್ತಕ್ಕೂ ಹೆಚ್ಚು ಇರಾಕಿ ಟ್ಯಾಂಕುಗಳನ್ನು ನಾಶಮಾಡಿತು. ತನ್ನವರಲ್ಲಿ ಒಬ್ಬನನ್ನೂ ಕಳೆದುಕೊಳ್ಳಲಿಲ್ಲ. (2020ರಿಂದೀಚೆಗೆ ಮರೀನ್ ದಳ ಟ್ಯಾಂಕುಗಳನ್ನೇ ಕೈಬಿಟ್ಟಿತು, ಆ ತುಕಡಿಗಳೂ ಇಲ್ಲವಾದುವು.)

ಒಟ್ಟಿಗೆ ಕಲಿತವರು ಒಟ್ಟಿಗೆ ಕಾದುವುದು ಮೇಲೇ ಸರಿ. ಆದರೆ ಒಂದೇ ಸೀಮೆಯವರು ಒಟ್ಟಿಗೆ ಹೋದರೆ ಒಟ್ಟಿಗೆ ಸಾಯುವುದೂ ಸಾಧ್ಯ. 2005ರಲ್ಲಿ ಇಪ್ಪತ್ತೈದನೆಯ ರೆಜಿಮೆಂಟಿನ ಮೂರನೆಯ ಬೆಟಾಲಿಯನ್ ಇರಾಕಿಗೆ ಹೋಯಿತು. ಅದರ ಕೇಂದ್ರ ಒಹಾಯೋ ರಾಜ್ಯದ ಬ್ರೂಕ್ ಪಾರ್ಕ್. ಅದರ ‘ಲಿಮಾ’ ಕಂಪೆನಿಯ ನೆಲೆ ಅದೇ ರಾಜ್ಯದ ಕೊಲಂಬಸ್. ಆಗಸ್ಟ್ 1ರಂದು ಹದೀಥಾದಲ್ಲಿ ಬೆಟಾಲಿಯನ್ನಿನ ಆರು ಮಂದಿ ಗುರಿಕಾರರು ಹತರಾದರು. ಎರಡು ದಿನಗಳ ಮೇಲೆ, ನೀರಿನಲ್ಲಿಯೂ ನೆಲದಲ್ಲಿಯೂ ಚಲಿಸಬಲ್ಲ ವಾಹನವೊಂದರ ಕೆಳಗೆ ಬಾಂಬು ಸಿಡಿದು ಹದಿನಾಲ್ಕು ಮಂದಿ ಮರೀನರು ಒಮ್ಮೆಗೇ ತೀರಿಕೊಂಡರು. ಸಮುದ್ರದ ದಡಕ್ಕೆ ಇಳಿಯುವುದಕ್ಕೆಂದು ನಿರ್ಮಿಸಿದ ವಾಹನ ಮರುಭೂಮಿಯ ದಾರಿಯಲ್ಲಿ ಸುಟ್ಟುಹೋಯಿತು. ಆ ಸರದಿ ಮುಗಿಯುವ ವೇಳೆಗೆ ಬೆಟಾಲಿಯನ್ ಕಳೆದುಕೊಂಡವರು 48 ಮಂದಿ. ಅವರಲ್ಲಿ 23 ಮಂದಿ ಲಿಮಾ ಕಂಪೆನಿಯವರು. ಒಂದೇ ವಾರದಲ್ಲಿ ಒಹಾಯೋದ ಎಷ್ಟೋ ಮನೆಗಳ ಬಾಗಿಲುಗಳನ್ನು ತಟ್ಟಬೇಕಾಯಿತು. 1950ರಂತೆ ಆ ಹುಡುಗರನ್ನು ಅಲ್ಲಲ್ಲಿಗೆ ಹಂಚಿದ್ದರೆ ಸತ್ತವರ ಸಂಖ್ಯೆ ಕಡಿಮೆಯಾಗುತ್ತಿತ್ತೆಂದು ಯಾರೂ ಹೇಳಲಾರರು. ದುಃಖ ಮಾತ್ರ ಹಂಚಿಹೋಗುತ್ತಿತ್ತು.

ಕೊಲಂಬಸ್ ಪ್ರಾಂತದ ಚಿತ್ರಕಾರ್ತಿ ಆನಿಟಾ ಮಿಲ್ಲರ್ ಈ ಇಪ್ಪತ್ತಮೂವರನ್ನೂ ಆಳೆತ್ತರದ ಚಿತ್ರಗಳಲ್ಲಿ ಬರೆದಿದ್ದಾಳೆ. ಎಂಟು ಫಲಕಗಳ ಆ ಚಿತ್ರಮಾಲೆ 2008ರಲ್ಲಿ ಒಹಾಯೋದ ಶಾಸನಸಭಾ ಭವನದಲ್ಲಿ ಮೊದಲು ಪ್ರದರ್ಶಿತವಾಗಿ, ಆಮೇಲೆ ಊರಿಂದೂರಿಗೆ ಸಂಚರಿಸಿತು. ನಮ್ಮ ವೀರಗಲ್ಲಿನಲ್ಲಿ ವೀರನನ್ನು ಅಪ್ಸರೆಯರು ಮೇಲಕ್ಕೆ ಕೊಂಡೊಯ್ಯುತ್ತಾರೆ. ಇಲ್ಲಿ ಯಾರೂ ಮೇಲಕ್ಕೆ ಹೋಗುವುದಿಲ್ಲ, ನೆಲದ ಮೇಲೆಯೇ ನಿಂತಿದ್ದಾರೆ. ಚಿತ್ರಗಳ ಮುಂದೆ ಅವರವರ ಬೂಟುಗಳನ್ನಿರಿಸಿ, ಒಂದೊಂದು ಮೇಣದ ಬತ್ತಿಯನ್ನು ಹಚ್ಚುತ್ತಾರೆ.