ಕೋಡು ಕಡೆಗೆ

ಮಣ್ಣೆತ್ತಿನ ಕೋಡನ್ನು ಕಡೆಗೆ ಹಚ್ಚಬೇಕು. ಮೊದಲೇ ಹಚ್ಚಿದರೆ ಹೊಟ್ಟೆ ತೀಡುವಾಗ ಕೈ ತಾಗಿ ಮುರಿಯುತ್ತದೆ. ಮಹಾರಾಷ್ಟ್ರದ ಗಡಿಯ ಮಿರಜ ತಾಲ್ಲೂಕಿನ ಸಲಗರೆ ಕಡೆಯ ಕುಂಬಾರ ಅಜ್ಜಿಯೊಬ್ಬರು ಓಣಿಯ ಮಕ್ಕಳನ್ನು ಸುತ್ತ ಕೂರಿಸಿಕೊಂಡು ಹೇಳುವ ಮೊದಲ ಪಾಠ ಇದು.

ನಾನು ಹೋಗಿದ್ದು ಅವರ ಕೈ ನೋಡಲಿಕ್ಕೆ. ಎರೆಮಣ್ಣಿನ ಉಂಡೆಯನ್ನು ಅಂಗೈಯಲ್ಲಿ ಉದ್ದಕ್ಕೆ ಹೊಸೆದು, ಎರಡು ಬೆರಳಲ್ಲಿ ಮೇಲಕ್ಕೆ ಚಿವುಟಿದರೆ ಹಿಣಿಲು, ಕೆಳಕ್ಕೆ ಎಳೆದರೆ ಗಂಗೆದೊಗಲು. ಕಾಲು ಗಿಡ್ಡ, ದಪ್ಪ. ಬಾಲ ತೊಡೆಗೆ ಅಂಟಿಕೊಂಡೇ ಇರಬೇಕು, ಇಲ್ಲವಾದರೆ ಒಣಗಿದ ಮೇಲೆ ಉದುರುತ್ತದೆ. ಕೂಡಿಸುವ ಕಡೆ ತುಸು ರಾಡಿ ಸವರಿ ಹೆಬ್ಬೆರಳಿನಿಂದ ತೀಡುತ್ತಾರೆ. ಕೋಡು ಮಾತ್ರ ಖಿಲಾರಿ ತಳಿಯದೇ: ಉದ್ದಕ್ಕೆ ಹಿಂದೆ ಬಾಗಿ, ತುದಿ ಮೇಲಕ್ಕೆ. ಈ ಸೀಮೆಯ ಹುಡುಗರು ಬೇರೆ ಕೋಡಿನ ಎತ್ತನ್ನು ಎತ್ತೆಂದು ಒಪ್ಪುವುದಿಲ್ಲ.

ಏಳೆಂಟು ವರ್ಷದ ಹುಡುಗಿಯೊಬ್ಬಳ ಎತ್ತು ಮೊಣಕಾಲೂರಿ ಕುಸಿಯಿತು. "ನೀರ ಹೆಚ್ಚಾತವ್ವಾ, ಬೂದ್ಯಾಗ ಹೊಳ್ಳಾಡ್ಸು" ಎಂದರು ಅಜ್ಜಿ. ಅವಳು ಒಲೆಯ ಬೂದಿಯಲ್ಲಿ ಮಣ್ಣನ್ನು ಹೊರಳಾಡಿಸಿ ಮತ್ತೆ ನಾದಿದಳು. ಎರಡನೇ ಸಲ ಎತ್ತು ನಿಂತಿತು. ಅವಳ ಮುಖ ನೋಡಬೇಕಿತ್ತು!

ಈ ಕಲಿಕೆಗೆ ಪಂಚಾಂಗವೇ ವೇಳಾಪಟ್ಟಿ. ಕಾರಹುಣ್ಣಿಮೆಗೆ ಎತ್ತಿನ ಹಬ್ಬವಾದ ಕರ್ನಾಟಕಿ ಬೇಂದೂರ, ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ, ಆಷಾಢದ ಹುಣ್ಣಿಮೆಗೆ ಮರಾಠಿ ಮನೆಗಳ ಬೇಂದೂರ. ಗಡಿಯ ಮಕ್ಕಳಿಗೆ ಎತ್ತು ಮಾಡಲು ಹೀಗೆ ಎರಡು ಭಾಷೆಯ ಹಬ್ಬಗಳು. ಆಷಾಢದ ಮಂಗಳವಾರಗಳು ಹುಡುಗಿಯರವು. ಮಣ್ಣಿನ ಗುಳ್ಳವ್ವನನ್ನು ಮಾಡಿ ಗುಲಗಂಜಿ, ಕುಸುಬಿ ಕಾಳು ಚುಚ್ಚಿ ಸಿಂಗರಿಸುತ್ತಾರೆ. ಆಮೇಲೆ ಪಂಚಮಿಯ ನಾಗಪ್ಪ, ಗಣಪತಿ, ಜೋಕುಮಾರ. ಇವು ಯಾವುವೂ ಆವಿಗೆ ಕಾಣುವುದಿಲ್ಲ, ನೆರಳಲ್ಲಿ ಒಣಗಿದರಾಯಿತು. ತಿಗರಿ, ಗಡಿಗೆ, ಸುಡುವುದು ಎಲ್ಲ ಕುಂಬಾರರ ಮನೆಯ ದೊಡ್ಡ ಹುಡುಗರಿಗೆ ಮಾತ್ರ.

ಮಕ್ಕಳು ಕೈಯಿಂದ ಕಲಿಯಬೇಕೆಂಬ ಮಾತು ಹೊಸದಲ್ಲ. 1937ರಲ್ಲಿ ಇದೇ ಮಹಾರಾಷ್ಟ್ರದ ವಾರ್ಧಾದಲ್ಲಿ ಗಾಂಧೀಜಿ, ಮಕ್ಕಳ ಓದು ಕೈಕಸುಬಿನ ಮೂಲಕವೇ ನಡೆಯಬೇಕೆಂದು ವಾದಿಸಿದ್ದರು. ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆಯೂ ಇದೆ, ಆದರೆ ಅದು ಕಸುಬು ಹಿಡಿಯುವವರಿಗೆ. ಎತ್ತು ಮಾಡಬಯಸುವ ಮಗುವಿಗೆ ಇರುವುದು ಅಜ್ಜಿಯ ಕಟ್ಟೆಯೊಂದೇ.

ಆ ಕಟ್ಟೆಯೂ ಬರಿದಾಗುತ್ತಿದೆ. ಅಚ್ಚಿನಲ್ಲಿ ಎರೆದ, ಬಣ್ಣ ಬಳಿದ ಪ್ಲಾಸ್ಟರ್ ಎತ್ತುಗಳು ಸಂತೆಗೆ ಬಂದಿವೆ. ಅವು ನೀರಲ್ಲಿ ಬೇಗ ಕರಗುವುದಿಲ್ಲ ಎಂಬುದು ಒಂದು ದೂರು. ನನ್ನ ದೊಡ್ಡ ದೂರು ಬೇರೆ: ಕೊಂಡ ಎತ್ತು ಮಗುವಿನ ಕೈಯಲ್ಲಿ ಒಮ್ಮೆಯೂ ಕುಸಿಯುವುದಿಲ್ಲ. ಕುಸಿಯದಿದ್ದರೆ ಬೂದಿಯ ಪಾಠ ಬರುವುದೆಲ್ಲಿಂದ?

ಮಿರಜದ ಸಿತಾರ್, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಸಿಕ್ಕಾಗ ಊರೆಲ್ಲ ಹಿಗ್ಗಿತು. ಮಣ್ಣೆತ್ತಿಗೆ ಅಷ್ಟೆಲ್ಲ ಬೇಡ. ಗಡಿಯ ಕನ್ನಡ, ಮರಾಠಿ ಶಾಲೆಗಳ ಗುರುಗಳು ಅಮಾವಾಸ್ಯೆಗೆ ಮೊದಲು ಊರಿನ ಕುಂಬಾರ ಅಜ್ಜಿಯನ್ನು ಒಂದು ದಿನ ಶಾಲೆಗೆ ಕರೆಯಲಿ. ಮಣ್ಣಿನ ಬೆಲೆ, ದಿನದ ಕೂಲಿ ಎರಡನ್ನೂ ಕೊಟ್ಟು ಕರೆಯಲಿ.