ಹಳೆಯದೆಲ್ಲ ಹೊನ್ನಲ್ಲ

ಕಮ್ಮನಹಳ್ಳಿ, ಲಿಂಗರಾಜಪುರ, ಬಾಣಸವಾಡಿಯ ಹಳೆಯ ಮನೆಗಳಲ್ಲಿ ದೇವರ ಗೂಡಿನ ಬಳಿ ಒಂದು ಡಬ್ಬಿ ಇರುವುದುಂಟು. ಅದರೊಳಗೆ ವರಮಹಾಲಕ್ಷ್ಮಿ ಹಬ್ಬದಂದು ಕಳಶದ ಮುಂದಿಡುವ ವಿಕ್ಟೋರಿಯಾ ರಾಣಿಯ ಬೆಳ್ಳಿ ರೂಪಾಯಿ, ತೂತಿನ ಕಾಸು, ಅಲ್ಯೂಮಿನಿಯಂ ಪೈಸೆ. 'ನೂರು ವರ್ಷದ್ದು, ಲಕ್ಷಕ್ಕೆ ಹೋಗುತ್ತದೆ' ಎಂದು ಯಾರೋ ಹೇಳಿರುತ್ತಾರೆ. ಮಕ್ಕಳ ಓದಿಗೋ ಮದುವೆಗೋ ಆದೀತೆಂದು ಉಳಿತಾಯದ ಹಣ ಕೊಟ್ಟು ಇಂಥ ನಾಣ್ಯ ಕೊಳ್ಳುವವರೂ ಇದ್ದಾರೆ. ಹಾಗಾದರೆ ನಾಣ್ಯ ಆಸ್ತಿಯಾಗಬಲ್ಲದೆ? ಖಂಡಿತ ಆಗಬಲ್ಲದು. ಆದರೆ ಬರೀ ವಯಸ್ಸು ನೋಡಿ ಕೊಂಡವರಿಗೆ ನಿರಾಸೆಯೇ ಹೆಚ್ಚು.

ನಾಣ್ಯದ ಬೆಲೆಯನ್ನು ನಿರ್ಧರಿಸುವ ಅಂಶಗಳು ಮೂರು: ಎಷ್ಟು ಉಳಿದಿವೆ, ಯಾವ ಸ್ಥಿತಿಯಲ್ಲಿವೆ, ಎಷ್ಟು ಜನಕ್ಕೆ ಬೇಕಾಗಿವೆ. 1862ನೇ ಇಸವಿಯ ರೂಪಾಯಿಯನ್ನು ನೋಡಿ. ಒಂದೂವರೆ ಶತಮಾನ ದಾಟಿದ ನಾಣ್ಯ. ಆದರೆ ಅದೇ ಇಸವಿಯನ್ನು ಹೊತ್ತು 1874ರವರೆಗೂ ರೂಪಾಯಿಗಳು ಅಚ್ಚಾದವು. ಹೀಗಾಗಿ ಅವು ಧಾರಾಳವಾಗಿ ಸಿಗುತ್ತವೆ. ಸಾಧಾರಣ ಸ್ಥಿತಿಯಲ್ಲಿದ್ದರೆ ಬೆಳ್ಳಿಯ ಬೆಲೆಗಿಂತ ಸ್ವಲ್ಪ ಮೇಲೆ ಮಾರಾಟವಾಗುತ್ತವೆ. ಆ ಕಾಲದ ರೂಪಾಯಿಯ ತೂಕ 11.66 ಗ್ರಾಂ, ಅದರಲ್ಲಿ ಸುಮಾರು ಶೇ 91.7 ಬೆಳ್ಳಿ. ಅಂದಿನ ಬೆಳ್ಳಿ ದರ ಗೊತ್ತಿದ್ದರೆ ಕನಿಷ್ಠ ಬೆಲೆಯನ್ನು ಮನೆಯಲ್ಲೇ ಲೆಕ್ಕ ಹಾಕಬಹುದು.

ಐದನೇ ಜಾರ್ಜ್‌ನ 1911ರ ರೂಪಾಯಿ ಇದಕ್ಕಿಂತ ಎಷ್ಟೋ ಕಿರಿಯದು, ಬೆಲೆ ಮಾತ್ರ ಹೆಚ್ಚು. ದೊರೆಯ ನಿಲುವಂಗಿಯ ಮೇಲಿದ್ದ ಆನೆಯ ಸೊಂಡಿಲು ಮೊಟಕಾಗಿ, ಅದು ಹಂದಿಯಂತೆ ಕಾಣುತ್ತದೆಂದು ಜನ ಆಕ್ಷೇಪಿಸಿದರು. ಸರ್ಕಾರ ನಾಣ್ಯಗಳನ್ನು ಹಿಂದಕ್ಕೆ ಪಡೆದು ಕರಗಿಸಿತು, 1912ರಲ್ಲಿ ಚಿತ್ರವನ್ನು ತಿದ್ದಿತು. ಕರಗದೆ ಉಳಿದವಕ್ಕೆ ಇಂದು ಬೇಡಿಕೆ. ಆರನೇ ಜಾರ್ಜ್‌ನ 1939ರ ರೂಪಾಯಿಯ ಕಥೆಯೂ ಇಂಥದೇ. ಎರಡನೇ ಮಹಾಯುದ್ಧದ ವೇಳೆ ಬೆಳ್ಳಿ ದುರ್ಲಭವಾಗಿ, 1940ರಿಂದ ರೂಪಾಯಿಯಲ್ಲಿ ಬೆಳ್ಳಿಯ ಪ್ರಮಾಣ ಅರ್ಧಕ್ಕೆ ಇಳಿಯಿತು. 1939ರವು ಜನರ ಕೈಗೆ ಬಂದದ್ದೇ ವಿರಳ. ಆದ್ದರಿಂದಲೇ ಬೇರೆ ಇಸವಿಯ ನಾಣ್ಯದ ಅಂಕೆ ತಿದ್ದಿ 1939 ಮಾಡಿ ಮಾರುವವರು ಹುಟ್ಟಿಕೊಂಡಿದ್ದಾರೆ. ಅಪರೂಪದ ನಾಣ್ಯ ಅಗ್ಗಕ್ಕೆ ಸಿಕ್ಕಿತೆಂದರೆ ಮೊದಲು ಅನುಮಾನಿಸುವುದೇ ಲೇಸು.

ಹೊಸಬರು ಎಲ್ಲವನ್ನೂ ಕೊಳ್ಳುವ ಬದಲು ಒಂದು ಕ್ಷೇತ್ರವನ್ನು ಆರಿಸಿಕೊಳ್ಳುವುದು ಜಾಣತನ. ಕನ್ನಡಿಗರಿಗೆ ಈ ವಿಷಯದಲ್ಲಿ ಬಡತನವಿಲ್ಲ. ನಾವು ದಿನವೂ ಆಡುವ ಹಣ, ದುಡ್ಡು, ಕಾಸು ಎಂಬ ಮಾತುಗಳೇ ಒಂದು ಕಾಲದ ನಾಣ್ಯಗಳ ಹೆಸರು. 1638ರಿಂದ 1659ರವರೆಗೆ ಆಳಿದ ಕಂಠೀರವ ನರಸರಾಜ ಒಡೆಯರ ಹೆಸರಿನ 'ಕಂಠೀರಾಯ ಹಣ' ಅರ್ಧ ಗ್ರಾಮಿಗೂ ಕಡಿಮೆ ತೂಗುವ ಚಿನ್ನದ ಚೂರು. ಅದರ ಮೇಲೆ ನರಸಿಂಹನ ಮೂರ್ತಿ. ಒಡೆಯರ ತರುವಾಯವೂ ಬಹುಕಾಲ ಬಳಕೆಯಲ್ಲಿದ್ದ ನಾಣ್ಯವಾದ್ದರಿಂದ ಚಿನ್ನದ್ದಾದರೂ ಅದು ತೀರ ದುರ್ಲಭವಲ್ಲ. ಹೈದರಾಲಿಯ ವರಹದ ಮೇಲೆ ಶಿವಪಾರ್ವತಿಯರಿದ್ದಾರೆ, ಟಿಪ್ಪುವಿನ ತಾಮ್ರದ ಪೈಸೆಯ ಮೇಲೆ ಆನೆಯಿದೆ. ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ಕಾಸುಗಳಲ್ಲಿ ಕನ್ನಡ, ಇಂಗ್ಲಿಷ್, ಪರ್ಷಿಯನ್ ಮೂರೂ ಕಾಣುತ್ತವೆ. ಮೈಸೂರಿನ ಟಂಕಸಾಲೆ 1833ರಲ್ಲಿ ಬೆಂಗಳೂರಿಗೆ ಬಂದು 1843ರಲ್ಲಿ ಮುಚ್ಚಿತು. ಅಕ್ಷರ ಓದಲು, ಟಂಕಸಾಲೆ ಗುರುತಿಸಲು ಬಲ್ಲವನಿಗೆ ಮೋಸ ಮಾಡುವುದು ಕಷ್ಟ. ಒಂದೇ ಬಗೆಯ ಪೈಸೆಯಾದರೂ ಕಡಿಮೆ ಅಚ್ಚು ಹಾಕಿದ ಟಂಕಸಾಲೆಯದಕ್ಕೆ ಬೆಲೆ ಹೆಚ್ಚು ಎಂಬುದು ಅವನಿಗೆ ತಿಳಿದಿರುತ್ತದೆ. ಈಚಿನ ನಾಣ್ಯಗಳಿಗೂ ಈ ಮಾತು ಸಲ್ಲುತ್ತದೆ. ಇಸವಿಯ ಕೆಳಗೆ ವಜ್ರಾಕೃತಿ ಇದ್ದರೆ ಮುಂಬೈ, ನಕ್ಷತ್ರವಿದ್ದರೆ ಹೈದರಾಬಾದ್, ಚುಕ್ಕೆಯಿದ್ದರೆ ನೋಯ್ಡಾ. ಏನೂ ಇಲ್ಲದಿದ್ದರೆ ಕೋಲ್ಕತ್ತ.

ಸರ್ಕಾರ ಹೊರತರುವ ಸ್ಮಾರಕ ನಾಣ್ಯಗಳು ಹೇಗೆ? 1964ರಲ್ಲಿ ನೆಹರೂ ನಾಣ್ಯದಿಂದ ಆರಂಭವಾದ ಈ ಮಾಲೆ ಸುಂದರವೇನೋ ಹೌದು. ಆದರೆ ಕೊಂಡವರೆಲ್ಲ ಬಳಸದೆ ಜೋಪಾನವಾಗಿ ಇಟ್ಟಿರುತ್ತಾರೆ. ಎಲ್ಲರೂ ಕಾಪಾಡುವ ವಸ್ತು ಅಪರೂಪವಾಗುವುದು ನಿಧಾನ.

ಕೈಲಿರುವ ನಾಣ್ಯದ ಬೆಲೆಯನ್ನು ಮನೆಯವರೇ ಕಳೆಯುವುದೂ ಉಂಟು. ಹಬ್ಬದ ಹಿಂದಿನ ದಿನ ಹುಣಸೆಹಣ್ಣು, ಬೂದಿ ಹಾಕಿ ದೇವರ ಪಾತ್ರೆಗಳ ಜೊತೆ ನಾಣ್ಯವನ್ನೂ ತಿಕ್ಕುತ್ತಾರೆ. ಫಳಫಳ ಹೊಳೆಯುತ್ತದೆ ನಿಜ, ಆದರೆ ಸೂಕ್ಷ್ಮ ಗೆರೆಗಳು ಸವೆದು ಮೈಮೇಲೆ ಗೀರು ಬೀಳುತ್ತದೆ. ಕಾಲ ಕಟ್ಟಿದ ಕಪ್ಪು ಬಣ್ಣವನ್ನೇ ಸಂಗ್ರಾಹಕರು ಮೆಚ್ಚುತ್ತಾರೆ. ತಿಕ್ಕದೆ, ಅಂಚು ಹಿಡಿದು ಎತ್ತಿ, ತೇವ ತಾಗದ ಕಡೆ ಇಟ್ಟರೆ ಸಾಕು.

ಇನ್ನು ವಂಚನೆಯ ಬಗ್ಗೆ ಒಂದು ಮಾತು. ಒಂದು ಮುಖದಲ್ಲಿ ರಾಮ, ಸೀತೆ, ಹನುಮಂತ. ಇನ್ನೊಂದರಲ್ಲಿ 'ಈಸ್ಟ್ ಇಂಡಿಯಾ ಕಂಪನಿ, ಅರ್ಧ ಆಣೆ, 1818' ಎಂದಿರುವ ಬಿಲ್ಲೆಗಳನ್ನು ಲಕ್ಷಾಂತರ ರೂಪಾಯಿ ಬಾಳುತ್ತವೆಂದು ಮಾರುತ್ತಾರೆ. ಕಂಪನಿ ಇಂಥ ನಾಣ್ಯವನ್ನು ಎಂದೂ ಅಚ್ಚು ಹಾಕಿಸಲಿಲ್ಲ. ವೈಷ್ಣೋದೇವಿ ಚಿತ್ರದ ನಾಣ್ಯಕ್ಕೆ ಲಕ್ಷ ಕೊಡುತ್ತೇವೆ, ಮೊದಲು ಶುಲ್ಕ ಕಟ್ಟಿ ಎನ್ನುವವರದೂ ಇದೇ ಜಾತಿ. ಹಳೆಯ ನಾಣ್ಯ, ನೋಟುಗಳ ವ್ಯವಹಾರಕ್ಕೆ ತನ್ನ ಹೆಸರು ಬಳಸಿ ಶುಲ್ಕ ಕೇಳುವವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಎಚ್ಚರಿಸಿತು.

ನಾಣ್ಯ ಬಡ್ಡಿ ತರುವುದಿಲ್ಲ, ಬೇಕೆಂದ ದಿನ ಮಾರಾಟವೂ ಆಗುವುದಿಲ್ಲ. ವ್ಯಾಪಾರಿ ಮಾರುವ ಬೆಲೆಗೂ ಕೊಳ್ಳುವ ಬೆಲೆಗೂ ಅಂತರವಿರುತ್ತದೆ. ಹರಾಜಿನಲ್ಲಿ ಕಮಿಷನ್ ಕೊಡಬೇಕು. ಆ ಅಂತರ ತುಂಬಿ ಲಾಭ ಕಾಣಲು ವರ್ಷಗಳೇ ಬೇಕು. ಆದ್ದರಿಂದ ತುರ್ತಿಗೆ ಬೇಕಾಗುವ ಹಣವನ್ನು ಇದರಲ್ಲಿ ಹೂಡಬಾರದು. ಸವೆದ ಹತ್ತು ನಾಣ್ಯಕ್ಕಿಂತ ಚೆನ್ನಾಗಿರುವ ಒಂದು ವಾಸಿ. ಪ್ರತಿ ಖರೀದಿಗೂ ರಸೀದಿ ಬೇಕು.

ರಸೀದಿಗೆ ಇನ್ನೊಂದು ಕಾರಣವೂ ಇದೆ. ನೆಲದಲ್ಲಿ ಸಿಕ್ಕ ನಿಧಿಯನ್ನು ಜಿಲ್ಲಾಡಳಿತಕ್ಕೆ ತಿಳಿಸಬೇಕೆಂದು 1962ರ ಕರ್ನಾಟಕ ನಿಧಿ ಕಾಯ್ದೆ ಹೇಳುತ್ತದೆ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯಂತೆ ಪುರಾತನ ವಸ್ತು. ಅದನ್ನು ವಿದೇಶಕ್ಕೆ ಸಾಗಿಸಿ ಮಾರುವಂತಿಲ್ಲ. ಕಾನೂನಿನ ಉದ್ದೇಶ ತಿಳಿಯಲು ದೂರ ಹೋಗಬೇಕಿಲ್ಲ. ಕಮ್ಮನಹಳ್ಳಿಯಿಂದ ಕೆಲವೇ ಮೈಲಿ ದೂರದ ಎಚ್‌ಎಎಲ್ ವಿಮಾನ ನಿಲ್ದಾಣದ ಬಳಿ 1965ರಲ್ಲಿ 256 ರೋಮನ್ ಬೆಳ್ಳಿ ನಾಣ್ಯಗಳು ದೊರೆತವು. ಅದಕ್ಕೂ ಮುಂಚೆ, 1891ರಲ್ಲಿ, ಯಶವಂತಪುರದಲ್ಲಿ 163 ಸಿಕ್ಕಿದ್ದವು. ಎರಡೂ ದಾಖಲಾದ್ದರಿಂದಲೇ, ಎರಡು ಸಾವಿರ ವರ್ಷಗಳ ಹಿಂದಿನ ರೋಮ್ ಸಾಮ್ರಾಜ್ಯದ ಹಣ ಈ ನೆಲದವರೆಗೂ ಬಂದಿತ್ತೆಂದು ಇಂದು ಹೇಳಲು ಸಾಧ್ಯವಾಗಿದೆ. ಸಿಕ್ಕವರು ಗುಟ್ಟಾಗಿ ಹಂಚಿಕೊಂಡು ಕರಗಿಸಿದ್ದರೆ ಒಂದಷ್ಟು ಬೆಳ್ಳಿ ಉಳಿಯುತ್ತಿತ್ತು, ಊರಿನ ಚರಿತ್ರೆಯ ಒಂದು ಪುಟ ಹರಿದುಹೋಗುತ್ತಿತ್ತು. ಎಲ್ಲಿಂದ ಬಂತೆಂದು ಹೇಳಲಾರದವರಿಂದ ನಾಣ್ಯ ಕೊಳ್ಳದಿರುವುದು ಕೊಳ್ಳುವವರ ಹಣಕ್ಕೂ ಒಳ್ಳೆಯದು, ಊರಿಗೂ ಒಳ್ಳೆಯದು.