ಬಯಾಪ್ಸಿ ರಿಪೋರ್ಟಿಗೆ ಯಾಕಿಷ್ಟು ದಿನ?

"ರಕ್ತದ ರಿಪೋರ್ಟ್ ಸಂಜೆಗೇ ಸಿಗ್ತದೆ, ಗಡ್ಡೆಯದ್ದಕ್ಕೆ ಯಾಕೆ ಮಾರಾಯ್ರೆ ಇಷ್ಟು ದಿನ?" ಆಸ್ಪತ್ರೆಯಿಂದ ಬಂದವರು ನಮ್ಮ ಮನೆಗಳಲ್ಲಿ ಕೇಳುವ ಮಾತು ಇದು. ಹಿಸ್ಟಾಲಜಿ ಲ್ಯಾಬಿನ ಕೆಲಸ ರೋಗಿಗಳ ತಲೆ ಎಣಿಸಿದರೆ ತಿಳಿಯುವಂಥದ್ದಲ್ಲ.

ಎಂಡೋಸ್ಕೋಪಿಯಲ್ಲಿ ತೆಗೆದ ಚೂರು ಒಂದೇ ಮೇಣದ ಬ್ಲಾಕಿನಲ್ಲಿ ಮುಗಿಯಬಹುದು. ಕ್ಯಾನ್ಸರಿಗೆಂದು ತೆಗೆದ ಸ್ತನವಾದರೆ 20 ಬ್ಲಾಕ್ ಆದರೂ ಆಶ್ಚರ್ಯವಿಲ್ಲ. ರಿಜಿಸ್ಟರಿನಲ್ಲಿ ಮಾತ್ರ ಎರಡೂ ಒಂದೊಂದೇ ಕೇಸು! ಪ್ರತಿ ಬ್ಲಾಕನ್ನೂ ಟೆಕ್ನಿಷಿಯನ್ 3ರಿಂದ 5 ಮೈಕ್ರಾನ್ ದಪ್ಪಕ್ಕೆ ಕತ್ತರಿಸಬೇಕು. ಅಂಥ 200 ಪದರ ಒಂದರ ಮೇಲೊಂದು ಇಟ್ಟರೂ ಒಂದು ಮಿಲಿಮೀಟರ್ ದಾಟುವುದು ಕಷ್ಟ. ಅದನ್ನು ಬೆಚ್ಚಗಿನ ನೀರಿನಲ್ಲಿ ತೇಲಿಸಿ, ಗಾಜಿಗೆ ಎತ್ತಿ, ಬಣ್ಣ ಹಾಕಬೇಕು. ಸುಕ್ಕು ಬಿತ್ತೋ, ಮತ್ತೆ ಕತ್ತರಿಸಬೇಕು. ಆ ಮರುಕೆಲಸ ಕೇಸಿನ ಲೆಕ್ಕದಲ್ಲಿ ಕಾಣುವುದೇ ಇಲ್ಲ.

ಬ್ಲಾಕ್, ಸ್ಲೈಡ್ ಎಣಿಸುವುದು ಇದಕ್ಕಿಂತ ನ್ಯಾಯದ ಲೆಕ್ಕ ಎಂದು ನಮಗನಿಸುತ್ತದೆ. ಅದೂ ಪೂರ್ತಿಯಲ್ಲ. ಗಟ್ಟಿ ಎಲುಬು ಆಸಿಡ್‌ನಲ್ಲಿ ಮೆತ್ತಗಾಗಲು ದಿನಗಟ್ಟಲೆ ಬೇಕು. ಫಾರ್ಮಲಿನ್‌ನಲ್ಲಿ ನೆನೆಯುವ ಗಂಟೆಗಳನ್ನೂ ಇಷ್ಟ ಬಂದಂತೆ ಕಡಿಮೆ ಮಾಡುವ ಹಾಗಿಲ್ಲ. ದಿನಕ್ಕೆ ಇಷ್ಟು ಸ್ಲೈಡ್ ಆಗಲೇಬೇಕು ಎಂದು ಓಡಿಸಿದರೆ ಕೈ ತಪ್ಪುತ್ತದೆ. ಚೂರು ತೀರಾ ಸಣ್ಣದಿದ್ದರೆ, ಇನ್ನೊಮ್ಮೆ ಕತ್ತರಿಸಲು ಮೇಣದಲ್ಲಿ ಏನೂ ಉಳಿದಿರುವುದಿಲ್ಲ.